ಕಂಪ್ಯೂಟರ್ ಬುಸುಗುಡ್ತಿದೆ, ಏನ್ ಮಾಡ್ಲಿ?

ಬೇಸಿಗೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡೆಸ್ಕ್‌ಟಾಪ್ ಕಂಪ್ಯೂಟರಿನ ಫ್ಯಾನ್ ಸದ್ದಿನ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ಯಾವ ಪ್ರಶ್ನೆಯನ್ನೂ ತೆಗೆದುಕೊಂಡಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ರ ಬರೆದವರಲ್ಲಿ ಮುಕ್ಕಾಲು ಪಾಲು ಜನ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು, ಒಂದು ಬ್ರಷ್, ಒಂದು ಸ್ಕ್ರೂಡ್ರೈವರ್ ಹಿಡಿದು ಕೂತರೆ ಸಾಕು.

ಪ್ರಶ್ನೆ: ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತೇನೆ. ರಾತ್ರಿ ಹತ್ತರ ಮೇಲೆಯೇ ನನಗೆ ಪುರುಸೊತ್ತು. ಕಂಪ್ಯೂಟರಿನ ಪ್ರೊಸೆಸರ್ ರೈಜೆನ್ 5 5600ಜಿ, ಅದರ ಜೊತೆ ಬಂದ ಫ್ಯಾನೇ ಇದೆ. ಬ್ರೌಸರ್ ತೆರೆದರೆ ಸಾಕು, ಬುಸ್ ಅಂತ ಏಳುತ್ತದೆ, ಹತ್ತು ಸೆಕೆಂಡಿಗೆ ಸುಮ್ಮನಾಗುತ್ತದೆ, ಮತ್ತೆ ಏಳುತ್ತದೆ. ಪಕ್ಕದಲ್ಲೇ ಮಗು ಮಲಗಿರುತ್ತದೆ. ಅಂಗಡಿಯವರು ಪ್ರೊಸೆಸರ್ ತಣ್ಣಗಿಡಲು ನೀರಿನ ಕೂಲರ್ ಹಾಕಿಸಿ ಅಂತಾರೆ. ಫ್ಯಾನ್ ವೇಗ ಕಡಿಮೆ ಮಾಡಿದರೆ ಪ್ರೊಸೆಸರ್ ಸುಟ್ಟುಹೋಗುತ್ತದಾ ಮೇಡಂ? (ಧಾರವಾಡದ ಓದುಗರು)

ಸುಟ್ಟುಹೋಗುವುದಿಲ್ಲ. ಈ ಭಯ ಮೊದಲು ಬಿಡಿ. ನಿಮ್ಮ ಪ್ರೊಸೆಸರಿಗೆ ಕಂಪನಿಯೇ ಕೊಟ್ಟಿರುವ ಗರಿಷ್ಠ ಮಿತಿ 95 ಡಿಗ್ರಿ. ಅದರ ಹತ್ತಿರ ಹೋದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರ್ ಆಫ್ ಆಗುತ್ತದೆ. ಇದು ಕೊನೆಯ ರಕ್ಷಣೆ, ದಿನಾ ಅದರ ಮೇಲೆ ಭಾರ ಹಾಕಬಾರದು ನಿಜ. ಆದರೆ ಬ್ರೌಸರ್ ತೆರೆದಾಗ ನಿಮ್ಮ ಪ್ರೊಸೆಸರ್ ಆ ಮಿತಿಯ ಹತ್ತಿರವೂ ಸುಳಿದಿರುವುದಿಲ್ಲ.

ಹಾಗಾದರೆ ಫ್ಯಾನ್ ಯಾಕೆ ಏಳುತ್ತದೆ? ಈ ರೈಜೆನ್‌ಗಳ ಸ್ವಭಾವವೇ ಹಾಗೆ. ಒಂದು ಪುಟ ತೆರೆಯುವ ಆ ಒಂದೆರಡು ಸೆಕೆಂಡಿನಲ್ಲಿ ಪ್ರೊಸೆಸರಿನ ಒಂದು ಕೋರ್, ಅಂದರೆ ಲೆಕ್ಕ ಮಾಡುವ ಅದರ ಒಂದು ಭಾಗ, ಪೂರ್ತಿ ವೇಗಕ್ಕೆ ನೆಗೆಯುತ್ತದೆ, ಅಲ್ಲಿನ ಬಿಸಿ ಒಮ್ಮೆಗೇ ಹತ್ತು ಡಿಗ್ರಿಗೂ ಜಾಸ್ತಿ ಜಿಗಿದು, ಕೆಲಸ ಮುಗಿದ ತಕ್ಷಣ ಹಾಗೇ ಇಳಿದುಬಿಡುತ್ತದೆ. ಮೇಲಿರುವ ಲೋಹದ ಹೀಟ್‌ಸಿಂಕ್‌ಗೆ ಆ ಬಿಸಿ ಇನ್ನೂ ಮುಟ್ಟಿರುವುದೇ ಇಲ್ಲ. ಆದರೆ ಮದರ್‌ಬೋರ್ಡ್ ನೋಡುವುದು ಪ್ರೊಸೆಸರ್ ಒಳಗಿನ ಸೆನ್ಸರನ್ನು. ಅದು ಏರಿತು ಅಂದ ಕೂಡಲೇ ಫ್ಯಾನ್ ಓಡಿಸುತ್ತದೆ, ಇಳಿಯಿತು ಅಂದ ಕೂಡಲೇ ನಿಧಾನ ಮಾಡುತ್ತದೆ. ಒಲೆ ಮೇಲೆ ದಪ್ಪ ತಳದ ಪಾತ್ರೆ ಇಟ್ಟು ಉರಿಯನ್ನು ಒಂದು ಕ್ಷಣ ಜೋರು ಮಾಡಿ ಇಳಿಸಿದರೆ ಒಳಗಿನ ನೀರಿಗೆ ಏನಾದರೂ ಗೊತ್ತಾಗುತ್ತದಾ? ಇಲ್ಲ ಅಲ್ವಾ. ಇಲ್ಲೂ ಹಾಗೆಯೇ. ಆ ಹತ್ತು ಸೆಕೆಂಡಿನ ಬುಸುಗುಟ್ಟುವಿಕೆಯಿಂದ ಯಾರಿಗೂ ಯಾವ ಉಪಯೋಗವೂ ಇಲ್ಲ.

ನಮಗೆ ನಿಜಕ್ಕೂ ಕಿರಿಕಿರಿ ಮಾಡುವುದು ಸದ್ದಿಗಿಂತ ಸದ್ದಿನ ಏರಿಳಿತ. ಮನೆಯ ಸೀಲಿಂಗ್ ಫ್ಯಾನ್ ಕಂಪ್ಯೂಟರ್ ಫ್ಯಾನಿಗಿಂತ ಜೋರಾಗಿಯೇ ಇರುತ್ತದೆ, ಆದರೆ ಒಂದೇ ಸಮ ಇರುವುದರಿಂದ ಅದರಡಿ ಮಗು ನಿದ್ದೆ ಮಾಡುತ್ತದೆ. ಅದೇ ಫ್ಯಾನನ್ನು ಯಾರಾದರೂ ಐದು ನಿಮಿಷಕ್ಕೊಮ್ಮೆ ಹೆಚ್ಚು ಕಡಿಮೆ ಮಾಡುತ್ತಿದ್ದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಹಾಗಾಗಿ ನಿಮ್ಮ ಮೊದಲ ಕೆಲಸ ಫ್ಯಾನ್ ನಿಧಾನ ಮಾಡುವುದಲ್ಲ, ಅದರ ಆತುರ ಬಿಡಿಸುವುದು.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಇರಿ, ಕೆಲವು ಬೋರ್ಡ್‌ಗಳಲ್ಲಿ ಎಫ್2. ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅಲ್ಲಿ ಫ್ಯಾನ್ ಸೆಟ್ಟಿಂಗ್ ಹುಡುಕಿ. ಏಸುಸ್ ಬೋರ್ಡಾದರೆ ಕ್ಯೂ-ಫ್ಯಾನ್, ಗಿಗಾಬೈಟ್ ಆದರೆ ಸ್ಮಾರ್ಟ್ ಫ್ಯಾನ್, ಎಂಎಸ್‌ಐ ಆದರೆ ಹಾರ್ಡ್‌ವೇರ್ ಮಾನಿಟರ್, ಎಎಸ್‌ರಾಕ್‌ನಲ್ಲಿ ಫ್ಯಾನ್-ಟ್ಯಾಸ್ಟಿಕ್ ಟ್ಯೂನಿಂಗ್ ಅಂತ ಇರುತ್ತದೆ. ಹೆಸರು ಯಾವುದಾದರೂ ಇರಲಿ, ಕಾಣಿಸುವುದು ಒಂದು ಗೆರೆ. ಅಡಿಯಲ್ಲಿ ಡಿಗ್ರಿ, ಬದಿಯಲ್ಲಿ ಫ್ಯಾನಿನ ವೇಗ. ಇದನ್ನೇ ಫ್ಯಾನ್ ಕರ್ವ್ ಅನ್ನುವುದು. ಗೆರೆ ಮುಟ್ಟುವ ಮುಂಚೆ ಅದೇ ಪರದೆಯಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಅಂತಲೋ ಟೆಂಪರೇಚರ್ ಇಂಟರ್‌ವಲ್ ಅಂತಲೋ ಇದೆಯಾ ನೋಡಿ. ಬಿಸಿ ಏರಿದ ಮೇಲೆ ಫ್ಯಾನ್ ಎಷ್ಟು ತಡೆದು ಏರಬೇಕು, ಎಷ್ಟು ತಡೆದು ಇಳಿಯಬೇಕು ಅನ್ನುವುದು ಅಲ್ಲಿದೆ. ಏರಲು ನಾಲ್ಕೈದು ಸೆಕೆಂಡಾದರೂ ಕೊಡಿ, ಇಳಿಯಲು ಅದಕ್ಕಿಂತ ಜಾಸ್ತಿ ಕೊಡಿ. ಎಷ್ಟೋ ಜನರ ತೊಂದರೆ ಇಷ್ಟಕ್ಕೇ ಮುಗಿದುಹೋಗುತ್ತದೆ.

ಆಮೇಲೆ ಗೆರೆ. 60 ಡಿಗ್ರಿಯವರೆಗೆ ಅದನ್ನು ಚಪ್ಪಟೆ ಮಾಡಿ, ಮೂವತ್ತು ಮೂವತ್ತೈದು ಶೇಕಡಾ ವೇಗದಲ್ಲಿ. ಬ್ರೌಸರಿನ ಆ ಜಿಗಿತಗಳೆಲ್ಲ ಸಾಮಾನ್ಯವಾಗಿ ಈ ಚಪ್ಪಟೆ ಜಾಗದಲ್ಲೇ ಅಡಗುತ್ತವೆ. 60ರಿಂದ 75ರವರೆಗೆ ನಿಧಾನಕ್ಕೆ ಅರವತ್ತು ಶೇಕಡಾ ತನಕ ಏರಿಸಿ. 85ಕ್ಕೆ ನೂರು. ಆ ಕೊನೆಯ ಬಿಂದುವನ್ನು ಯಾವ ಕಾರಣಕ್ಕೂ ಕೆಳಗಿಳಿಸಬೇಡಿ. ನಾವು ಮೌನ ಕೊಳ್ಳುತ್ತಿರುವುದು ಕಂಪ್ಯೂಟರ್ ಸುಮ್ನೆ ಇರುವ ಹೊತ್ತಿನಲ್ಲಿ. ಅದು ಜೀವ ಹಿಂಡಿ ಕೆಲಸ ಮಾಡುವಾಗ ಅದಕ್ಕೆ ಬೇಕಾದ ಗಾಳಿ ಕೊಡಲೇಬೇಕು.

ಫ್ಯಾನಿನ ಲೆಕ್ಕ ನಮ್ಮ ಪರವಾಗಿಯೇ ಇದೆ. ವೇಗ ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧ ಆಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದ ಹಾಗೆ ಕೇಳುತ್ತದೆ ಅಂದ ಮೇಲೆ ಹದಿನೈದು ಅಂದರೆ ಎಷ್ಟು ಅಂತ ನೀವೇ ಊಹಿಸಿ. ನಿಮಿಷಕ್ಕೆ 2000 ಸುತ್ತಿನಿಂದ 1600ಕ್ಕೆ ತಂದರೂ ಹತ್ತಿರ ಹತ್ತಿರ 5 ಡೆಸಿಬೆಲ್ ಕಡಿಮೆ. ಹಗುರ ಕೆಲಸದಲ್ಲಿ ಇದಕ್ಕೆ ತೆರಬೇಕಾದ ಬೆಲೆ ಬರೀ ಕೆಲವು ಡಿಗ್ರಿ.

ಇಷ್ಟು ಮಾಡಿ ಸುಮ್ಮನೆ ಮಲಗಬೇಡಿ, ಪರೀಕ್ಷೆ ಮಾಡಿ. ಎಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಪ್ರೊಸೆಸರಿನ ಬಿಸಿ, ಫ್ಯಾನಿನ ಸುತ್ತು ಎರಡೂ ಕಾಣಿಸುತ್ತವೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಪ್ರೋಗ್ರಾಂ ಓಡಿಸಿ ಹತ್ತು ನಿಮಿಷ ಬಿಡಿ. ರಾತ್ರಿ ತಂಪಿನಲ್ಲಿ ಅಲ್ಲ, ಮಧ್ಯಾಹ್ನ ಎರಡು ಗಂಟೆಗೆ, ಕೋಣೆ ಕಾದಿರುವಾಗ. ಆಗಲೂ 85ರ ಆಚೀಚೆ ನಿಂತರೆ ನಿಮ್ಮ ಗೆರೆ ಸರಿಯಾಗಿದೆ. 90 ದಾಟಿದರೆ ಮಧ್ಯದ ಬಿಂದುಗಳನ್ನು ಸ್ವಲ್ಪ ಮೇಲೆತ್ತಿ. ಬಯೋಸ್‌ಗೆ ಹೋಗಿ ಬರುವ ತಾಪತ್ರಯ ಬೇಡ ಅಂದರೆ ವಿಂಡೋಸ್‌ಗೆ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್. ಆದರೂ ನಾನು ಬಯೋಸನ್ನೇ ನೆಚ್ಚುತ್ತೇನೆ. ವಿಂಡೋಸ್ ಕೆಟ್ಟು ನಿಂತರೂ ಫ್ಯಾನಿನ ಗೆರೆ ಅಲ್ಲಿ ಭದ್ರವಾಗಿರುತ್ತದೆ.

ನನ್ನ ಮನೆಯ ಕಂಪ್ಯೂಟರಿನಲ್ಲೂ ಇದೇ ಫ್ಯಾನ್ ಇತ್ತು. ಇದನ್ನೆಲ್ಲ ಸರಿಮಾಡಿ ಮುಗಿಸಿದ ರಾತ್ರಿ ಬರೆಯಲು ಕೂತಾಗ ಪಕ್ಕದ ಕೋಣೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅದಕ್ಕೆ ಅಷ್ಟು ಸದ್ದಿದೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಬಹಳ ಖುಷಿಯಾಯಿತು.

ನೀರಿನ ಕೂಲರ್ ನಿಮಗೆ ಬೇಡ. ಅದರಲ್ಲೂ ರೇಡಿಯೇಟರ್ ಮೇಲೆ ಫ್ಯಾನ್ ಇರುತ್ತದೆ, ಜೊತೆಗೆ ದಿನವಿಡೀ ಗುಂಯ್ ಅನ್ನುವ ಪಂಪ್ ಬೇರೆ. 65 ವಾಟ್‌ನ ಪ್ರೊಸೆಸರಿಗೆ ಅದು ದಂಡ. ಮುಂದೆ ಯಾವತ್ತಾದರೂ ಹಣ ಹಾಕಲೇಬೇಕು ಅನ್ನಿಸಿದರೆ, 120 ಮಿಲಿಮೀಟರ್ ಫ್ಯಾನ್ ಇರುವ, ತಾಮ್ರದ ಹೀಟ್‌ಪೈಪಿನ ಗೋಪುರದಂಥ ಕೂಲರ್ ತಗೊಳ್ಳಿ. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಚಿಕ್ಕ ಫ್ಯಾನ್ ಓಡಿ ಓಡಿ ಕೊಡುವಷ್ಟೇ ಗಾಳಿ ಕೊಡುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕ್ಯಾಬಿನೆಟ್ ಒಳಗೆ ಅಷ್ಟು ಎತ್ತರದ ಕೂಲರ್ ಹಿಡಿಸುತ್ತದಾ ಅಂತ ಅಳತೆ ನೋಡಿಕೊಳ್ಳಿ. ಇನ್ನೊಂದು ಎಚ್ಚರಿಕೆ. ನಿಮ್ಮ ರೈಜೆನ್ ಕೂರುವ ಎಎಂ4 ಬೋರ್ಡಿನಲ್ಲಿ ಹಳೆ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ, ಬಿಸಿ ದಾಟಿಸಲೆಂದು ಎರಡರ ನಡುವೆ ಹಚ್ಚಿದ ಪೇಸ್ಟ್ ಒಣಗಿದ್ದರೆ ಅದಕ್ಕೆ ಅಂಟಿಕೊಂಡು ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರಬಹುದು, ಅದರ ಸೂಜಿಯಂಥ ಕಾಲುಗಳು ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿಯಾಗಲಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ.

ಪ್ರಶ್ನೆ: ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಇಂಟೆಲ್ ಐ5 10400, ಕಂಪನಿ ಫ್ಯಾನ್. ಮಧ್ಯಾಹ್ನ ವಿಡಿಯೋ ಎಡಿಟಿಂಗ್‌ಗೆ ಕೂತರೆ 98 ಡಿಗ್ರಿ ತೋರಿಸುತ್ತದೆ, ಫ್ಯಾನ್ ಕಿರುಚುತ್ತದೆ. ಹೋದ ತಿಂಗಳು ಅಂಗಡಿಗೆ ಒಯ್ದು ಸ್ವಚ್ಛ ಮಾಡಿಸಿ ಹೊಸ ಪೇಸ್ಟ್ ಹಾಕಿಸಿದೆ. ಅದಾದ ಮೇಲೆ ಇನ್ನೂ ಜಾಸ್ತಿಯೇ ಆಗಿದೆ ರೀ. (ಕಲಬುರಗಿಯ ಓದುಗರು)

"ಅದಾದ ಮೇಲೆ ಜಾಸ್ತಿ ಆಗಿದೆ" ಅಂದಿರಲ್ಲ, ನಿಮ್ಮ ಪತ್ರದಲ್ಲಿ ಅದೇ ಮುಖ್ಯವಾದ ಮಾತು. ಫ್ಯಾನ್ ಗೆರೆ ಗಿರೆ ಸದ್ಯಕ್ಕೆ ಮುಟ್ಟಬೇಡಿ. 98 ತೋರಿಸುವ ಯಂತ್ರದ ಫ್ಯಾನ್ ನಿಧಾನ ಮಾಡುವ ಮಾತೇ ಇಲ್ಲ, ನಿಮ್ಮ ಪ್ರೊಸೆಸರಿನ ಮಿತಿ 100. ಮೊದಲು ಕ್ಯಾಬಿನೆಟ್ ಬಾಗಿಲು ತೆಗೆಯಿರಿ.

ಇಂಟೆಲ್ ಜೊತೆ ಬರುವ ಆ ದುಂಡು ಕೂಲರಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದೊಂದೇ ಪಿನ್ನನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ನಾಲ್ಕರಲ್ಲಿ ಒಂದು ಅಲ್ಲಾಡಿದರೂ ನಿಮ್ಮ ಕಾಯಿಲೆ ಸಿಕ್ಕಿದ ಹಾಗೆ. ನನ್ನ ತಂಗಿಯ ಮನೆಯ ಕಂಪ್ಯೂಟರಿನಲ್ಲಿ ಇದೇ ಆಗಿತ್ತು. ರಿಪೇರಿಗೆ ಹೋಗಿ ಬಂದಿದ್ದ ಯಂತ್ರ, ಮೂರು ಪಿನ್ ಗಟ್ಟಿ, ನಾಲ್ಕನೆಯದು ರಂಧ್ರದ ಮೇಲೆ ಸುಮ್ನೆ ಕೂತಿತ್ತು. ಮೇಲಿಂದ ನೋಡಿದರೆ ಏನೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗ ಕೂಲರಿನ ಒಂದು ಅಂಚು ಉಗುರಿನಷ್ಟು ಎದ್ದಿತ್ತು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಅಷ್ಟು ಸಂದು ಬಿದ್ದರೆ ಎಂಥ ಫ್ಯಾನಿದ್ದರೂ ಅಷ್ಟೆ.

ಪಿನ್ ತಲೆಯ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆದರೆ ಬಿಚ್ಚುತ್ತದೆ. ಕೂಲರ್ ಕೈಗೆ ಬಂದ ಮೇಲೆ ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಒಮ್ಮೆ ಎದ್ದ ಕೂಲರನ್ನು ಅದೇ ಪೇಸ್ಟ್ ಮೇಲೆ ವಾಪಸ್ ಕೂರಿಸಬಾರದು, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊಸ ಪೇಸ್ಟ್ ನಿಮ್ಮೂರಿನ ತೊಗರಿ ಕಾಳಿಗಿಂತ ತುಸು ದೊಡ್ಡ ಹನಿ ಸಾಕು, ಪ್ರೊಸೆಸರಿನ ನಟ್ಟನಡುವೆ. ಬೆರಳಲ್ಲಿ ಸವರುವುದು ಬೇಡ, ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಪಿನ್ ಎಲ್ಲವನ್ನೂ ಮೊದಲಿನ ಸ್ಥಿತಿಗೆ ವಾಪಸ್ ತಿರುಗಿಸಿ, ಕೂಲರ್ ಇಟ್ಟು, ಎದುರುಬದುರು ಮೂಲೆಯ ಎರಡು ಪಿನ್ ಮೊದಲು ಒತ್ತಿ, ಆಮೇಲೆ ಉಳಿದೆರಡು. ಟಕ್ ಅಂತ ಸದ್ದು ಬರಬೇಕು. ಬೋರ್ಡಿನ ಹಿಂಬದಿಯಲ್ಲಿ ಕಿಂಡಿ ಇದ್ದರೆ ಅಲ್ಲಿಂದ ನೋಡಿ, ನಾಲ್ಕೂ ಪಿನ್ನಿನ ತುದಿ ಪೂರ್ತಿ ಹೊರಬಂದು ಅಗಲವಾಗಿರಬೇಕು.

ಇದಾದ ಮೇಲೂ ನಿಮ್ಮಲ್ಲಿ ಧಾರವಾಡದ ಲೆಕ್ಕ ನಡೆಯುವುದಿಲ್ಲ. ಗಾಳಿಯ ಕೂಲರ್ ಎಷ್ಟೇ ಒಳ್ಳೆಯದಿರಲಿ, ಪ್ರೊಸೆಸರನ್ನು ಕೋಣೆಗಿಂತ ತಂಪು ಮಾಡಲು ಆಗುವುದಿಲ್ಲ. ಕೋಣೆ 28 ಇದ್ದಾಗ 70 ತೋರಿಸುವ ಯಂತ್ರ, ಕೋಣೆ 40 ಆದಾಗ ಅದೇ ಕೆಲಸಕ್ಕೆ 82ರ ಹತ್ತಿರ ಹೋಗುತ್ತದೆ. ಆ ಹನ್ನೆರಡು ಡಿಗ್ರಿಯನ್ನು ಫ್ಯಾನಿನಿಂದ ಕಸಿದುಕೊಳ್ಳಲು ಹೋದರೆ ಕಿರುಚಾಟವೇ ಗತಿ. ನಿಮಗಿರುವ ದಾರಿ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು.

ನಿಮ್ಮ 10400 ಅನ್ನು 65 ವಾಟ್ ಅಂತ ಮಾರುತ್ತಾರೆ. ಆದರೆ ಇಂಟೆಲ್ ಲೆಕ್ಕದಲ್ಲೇ ಅದು ಸ್ವಲ್ಪ ಹೊತ್ತು 134 ವಾಟ್‌ವರೆಗೆ ಹೋಗಬಹುದು. ಕೆಲವು ಬೋರ್ಡ್‌ಗಳು ಆ "ಸ್ವಲ್ಪ ಹೊತ್ತು" ಅನ್ನುವ ಷರತ್ತನ್ನೇ ತೆಗೆದುಹಾಕಿ ಬಂದಿರುತ್ತವೆ. ಬಯೋಸ್‌ನಲ್ಲಿ ಲಾಂಗ್ ಡ್ಯುರೇಷನ್ ಪವರ್ ಲಿಮಿಟ್, ಶಾರ್ಟ್ ಡ್ಯುರೇಷನ್ ಪವರ್ ಲಿಮಿಟ್ ಅಂತ ಎರಡು ಜಾಗ ಇರುತ್ತವೆ, ಕೆಲವು ಕಡೆ ಪಿಎಲ್1, ಪಿಎಲ್2 ಅಂತ. ಎರಡಕ್ಕೂ 65 ಬರೆಯಿರಿ. ವಿಡಿಯೋ ಮುಗಿಯಲು ಸ್ವಲ್ಪ ತಡ ಆಗುತ್ತದೆ, ಆದರೆ ಬಿಸಿಯೂ ಸದ್ದೂ ಎರಡೂ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಇಳಿಯುತ್ತವೆ. ರೈಜೆನ್ ಇರುವವರಿಗೆ ಇದೇ ಕೆಲಸ ಮಾಡುವ ಇಕೋ ಮೋಡ್ ಇದೆ. ಉದ್ದದ ರೆಂಡರಿಂಗ್, ಅಂದರೆ ಎಡಿಟ್ ಮಾಡಿದ ವಿಡಿಯೋ ಸಿದ್ಧವಾಗುವ ಕೆಲಸ, ಇದ್ದರೆ ರಾತ್ರಿಗೆ ಹಚ್ಚಿಡಿ. ಏಪ್ರಿಲ್ ಮೇ ಎರಡು ತಿಂಗಳು ಹೀಗೆ ನಡೆಸಿ, ಮಳೆ ಹಿಡಿದ ಮೇಲೆ ಬೇಕಾದರೆ ಮಿತಿ ಬಿಚ್ಚಿ.

ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ಡಬ್ಬ ಇಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಮೂರು ಕಡೆ ಹಲಗೆ ಮುಚ್ಚಿದ ಗೂಡಿನಲ್ಲಿ ಹಿಂದಿನಿಂದ ಬಂದ ಬಿಸಿ ಗಾಳಿ ಸುತ್ತಿಕೊಂಡು ಮುಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ನೆಲದ ಮೇಲಿಟ್ಟರೆ ಧೂಳು ಜಾಸ್ತಿ, ಹಾಗಾಗಿ ಒಂದು ಮಣೆ ಮೇಲಿಡಿ.

ಪ್ರಶ್ನೆ: ಹೊಸ ಕ್ಯಾಬಿನೆಟ್ ಕೊಂಡೆ, ಮುಂದೆ ಗಾಜು, ಒಳಗೆ ಬಣ್ಣದ ದೀಪದ ನಾಲ್ಕು ಫ್ಯಾನ್. ನೋಡಲು ಚೆಂದ. ಆದರೆ ಆನ್ ಮಾಡಿದ ಕ್ಷಣದಿಂದ ಆಫ್ ಮಾಡುವವರೆಗೆ ಒಂದೇ ಸಮ ಜೋರು ಸದ್ದು. ಬಯೋಸ್‌ನಲ್ಲಿ ಸೈಲೆಂಟ್ ಮೋಡ್ ಹಾಕಿದರೂ ಏನೂ ಬದಲಾಗಲ್ಲ. ಗ್ರಾಫಿಕ್ಸ್ ಕಾರ್ಡ್ ಕೂಡ ಬಿಸಿ. ಇನ್ನೊಂದೆರಡು ಫ್ಯಾನ್ ಹಾಕಿಸಲಾ? (ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿ)

ಇನ್ನೊಂದೂ ಬೇಡ. ಇರುವ ನಾಲ್ಕನ್ನೇ ಸರಿಯಾಗಿ ಜೋಡಿಸೋಣ.

ಆ ಫ್ಯಾನಿನ ವೈರ್ ಹಿಡಿದು ಅದು ಎಲ್ಲಿಗೆ ಹೋಗಿದೆ ನೋಡಪ್ಪ. ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಲ್ಲಿ ನೇರ ಪವರ್ ಸಪ್ಲೈಗೆ ಸಿಕ್ಕಿಸಿದ್ದಾರೆ ಅಂತ ನನ್ನ ಅಂದಾಜು. ಹಾಗಿದ್ದರೆ ಅದಕ್ಕೆ ಸದಾ ಪೂರ್ತಿ 12 ವೋಲ್ಟ್ ಸಿಗುತ್ತದೆ, ಮದರ್‌ಬೋರ್ಡಿಗೆ ಅದರ ಮೇಲೆ ಹಿಡಿತವೇ ಇರುವುದಿಲ್ಲ. ಬಯೋಸ್‌ನಲ್ಲಿ ಏನು ಮಾಡಿದರೂ ಅದಕ್ಕೆ ಕೇಳಿಸದು.

ಅದೇ ವೈರಿನಲ್ಲಿ ಚಿಕ್ಕ ಮೂರು ಪಿನ್ನಿನ ಅಥವಾ ನಾಲ್ಕು ಪಿನ್ನಿನ ತುದಿ ಕೂಡ ಇದ್ದರೆ ಅದೃಷ್ಟ. ಅದನ್ನು ಬೋರ್ಡಿನಲ್ಲಿ ಸಿಸ್ಟಂ ಫ್ಯಾನ್ ಅಥವಾ ಚಾಸಿಸ್ ಫ್ಯಾನ್ ಅಂತ ಬರೆದಿರುವ ಕಡೆ ಹಾಕು, ಮೋಲೆಕ್ಸ್ ತೆಗೆ. ಆಮೇಲೆ ಬಯೋಸ್‌ನಲ್ಲಿ ಒಂದು ಆಯ್ಕೆ ಮರೆಯಬೇಡ. ಮೂರು ಪಿನ್ನಿನ ಫ್ಯಾನಾದರೆ ಡಿಸಿ, ನಾಲ್ಕು ಪಿನ್ನಿನದಾದರೆ ಪಿಡಬ್ಲ್ಯುಎಂ. ಮೂರು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ ಇಟ್ಟರೆ ಮತ್ತೆ ಪೂರ್ತಿ ವೇಗದಲ್ಲೇ ಓಡುತ್ತದೆ, ಯಾಕೆಂದರೆ ವೇಗದ ಆಜ್ಞೆ ಬರುವುದು ಅದರಲ್ಲಿಲ್ಲದ ಆ ನಾಲ್ಕನೇ ತಂತಿಯಲ್ಲಿ. ಒಂದು ಜಾಗಕ್ಕೆ ಎರಡು ಫ್ಯಾನ್ ಜೋಡಿಸುವ ಸ್ಪ್ಲಿಟರ್ ವೈರ್ ಸಿಗುತ್ತದೆ. ಸಾಮಾನ್ಯವಾಗಿ ಬೋರ್ಡಿನ ಒಂದು ಜಾಗ 1 ಆಂಪಿಯರ್ ತಡೆಯುತ್ತದೆ. ಪ್ರತಿ ಫ್ಯಾನಿನ ಬೆನ್ನ ಮೇಲಿನ ಸ್ಟಿಕರಿನಲ್ಲಿ ಅದು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಇರುತ್ತದೆ, ಕೂಡಿಸಿ ನೋಡು. ಮೋಲೆಕ್ಸ್ ಬಿಟ್ಟು ಬೇರೆ ತುದಿಯೇ ಇಲ್ಲದಿದ್ದರೆ ಆ ಫ್ಯಾನಿನಲ್ಲಿ ಎರಡನ್ನು ಮಾತ್ರ ಬದಲಾಯಿಸು. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ದೀಪವಿಲ್ಲದ ಒಳ್ಳೆ 120 ಮಿಲಿಮೀಟರ್ ಪಿಡಬ್ಲ್ಯುಎಂ ಫ್ಯಾನ್ ಸಿಗುತ್ತದೆ. ಕತ್ತಲಲ್ಲಿ ಮೆಲ್ಲಗೆ ತಿರುಗುವ ಎರಡು ಒಳ್ಳೆ ಫ್ಯಾನ್, ಬೆಳಕಲ್ಲಿ ಕಿರುಚುವ ನಾಲ್ಕಕ್ಕಿಂತ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಗಾಳಿಯ ದಾರಿ. ಫ್ಯಾನಿನಲ್ಲಿ ಅಡ್ಡಪಟ್ಟಿಗಳ ಚೌಕಟ್ಟು ಇರುವ ಬದಿಯಿಂದ ಗಾಳಿ ಹೊರಬರುತ್ತದೆ, ತೆರೆದ ಬದಿಯಿಂದ ಒಳಹೋಗುತ್ತದೆ. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಒಳಹೋಗುವುದು ತುಸು ಜಾಸ್ತಿ ಇದ್ದರೆ ಸಂದುಗಳಿಂದ ಗಾಳಿ ಹೊರಕ್ಕೆ ನುಗ್ಗುತ್ತದೆ, ಧೂಳು ಅಲ್ಲಿಂದ ಒಳಬರುವುದಿಲ್ಲ.

ಒಂದು ಊದುಬತ್ತಿ ಹಚ್ಚಿ ಕ್ಯಾಬಿನೆಟ್ ಮುಂದೆ, ಬದಿಯಲ್ಲಿ, ಹಿಂದೆ ಮೆಲ್ಲಗೆ ಆಡಿಸು. ಬೂದಿ ಒಳಗೆ ಬೀಳದ ಹಾಗೆ ಸ್ವಲ್ಪ ದೂರ ಇರಲಿ, ಸೀಲಿಂಗ್ ಫ್ಯಾನ್ ಆಫ್ ಇರಲಿ. ಹೊಗೆ ಎಲ್ಲಿ ಎಳೆದುಕೊಂಡು ಹೋಗುತ್ತದೆ, ಎಲ್ಲಿ ಸುಮ್ನೆ ಸುರುಳಿ ಸುತ್ತಿ ನಿಲ್ಲುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ನಿನ್ನ ಕ್ಯಾಬಿನೆಟ್ಟಿನಲ್ಲಿ ಗಾಜಿನ ಎದುರು ಹೊಗೆ ನಿಂತೇ ಇರುತ್ತದೆ, ಬದಿಯ ಸಣ್ಣ ಸೀಳಿನಲ್ಲಿ ಮಾತ್ರ ಎಳೆ ಎಳೆಯಾಗಿ ಒಳಗೆ ಹೋಗುತ್ತದೆ ಅಂದುಕೊಂಡಿದ್ದೇನೆ. ನಾಲ್ಕು ಫ್ಯಾನ್ ಒದ್ದಾಡುತ್ತಿರುವುದು ಆ ಸೀಳಿನ ಮೂಲಕ ಉಸಿರೆಳೆಯಲು. ಆ ಗಾಜು ಬಿಚ್ಚಲು ಬಂದರೆ ಬಿಚ್ಚಿ, ಹತ್ತು ನಿಮಿಷ ಆಟ ಆಡಿ, ಕಾರ್ಡಿನ ಬಿಸಿ ಎಷ್ಟು ಇಳಿಯಿತು ನೋಡು. ಜಾಸ್ತಿ ಇಳಿದರೆ ಆ ಜಾಗಕ್ಕೆ ಜಾಲರಿ ಹಾಕಿಸುವುದೇ ಔಷಧ.

ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದು ಉಪಾಯ ಇದೆ. ನಿನ್ನ ಮಾನಿಟರ್ 60 ಹರ್ಟ್ಸ್ ಅಂದರೆ ಅದು ಸೆಕೆಂಡಿಗೆ ತೋರಿಸುವುದು 60 ಚಿತ್ರ. ಕಾರ್ಡ್ 140 ಚಿತ್ರ ಬಿಡಿಸಿದರೂ ಉಳಿದದ್ದು ಬರೀ ಬಿಸಿ. ಆಟದ ಸೆಟ್ಟಿಂಗಿನಲ್ಲಿ ಫ್ರೇಂ ಲಿಮಿಟ್ 60ಕ್ಕೆ ಇಡು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಕಾರ್ಡಿನ ಪವರ್ ಲಿಮಿಟ್ ನೂರರಿಂದ ಎಂಬತ್ತು ಎಂಬತ್ತೈದಕ್ಕೆ ಇಳಿಸಿ ನೋಡು, ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಕಾರ್ಡಿನ ಫ್ಯಾನಿನಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಏಳು ವರ್ಷದ ಹಳೆಯ ಕಂಪ್ಯೂಟರ್. ಬಿಸಿ ಏನೂ ಇಲ್ಲ, 50ರ ಒಳಗೇ ಇರುತ್ತದೆ. ಆದರೆ ಬೆಳಿಗ್ಗೆ ಆನ್ ಮಾಡಿದಾಗ ಕರಕರ ಅಂತ ಅರೆಯುವ ಸದ್ದು, ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತದೆ. ಎಣ್ಣೆ ಬಿಡಬಹುದಾ? (ಮಂಗಳೂರಿನ ನಿವೃತ್ತ ಶಿಕ್ಷಕರು)

ಸರ್, ಇದು ಗಾಳಿಯ ಸದ್ದಲ್ಲ, ಬೇರಿಂಗ್ ಸವೆದ ಸದ್ದು. ತಣ್ಣಗಿದ್ದಾಗ ಅರೆದು, ಬಿಸಿಯಾದ ಮೇಲೆ ತಗ್ಗುವುದು ಒಳಗಿನ ಎಣ್ಣೆ ಒಣಗಿರುವ ಲಕ್ಷಣ.

ಯಾವ ಫ್ಯಾನ್ ಅಂತ ಮೊದಲು ಪತ್ತೆ ಮಾಡಿ. ಕಂಪ್ಯೂಟರ್ ಆಫ್ ಮಾಡಿ ಕ್ಯಾಬಿನೆಟ್ಟಿನ ಹಿಂದಿನ ಫ್ಯಾನಿನ ವೈರ್ ಬಿಚ್ಚಿ, ಆಮೇಲೆ ಆನ್ ಮಾಡಿ ಕೇಳಿ. ಸದ್ದು ಹೋದರೆ ಅದೇ. ಹೋಗದಿದ್ದರೆ ಪ್ರೊಸೆಸರಿನ ಫ್ಯಾನ್ ಇರಬಹುದು, ಅದರ ವೈರ್ ಬಿಚ್ಚಿ ಓಡಿಸಬೇಡಿ. ಖಾಲಿ ಹಾಳೆಯೊಂದನ್ನು ಕೊಳವೆಯ ಹಾಗೆ ಸುತ್ತಿ ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು, ರೆಕ್ಕೆಗೆ ತಾಗದ ಹಾಗೆ, ಒಂದೊಂದೇ ಫ್ಯಾನಿನ ಹತ್ತಿರ ಹಿಡಿದರೆ ಸದ್ದಿನ ಮೂಲ ಸ್ಪಷ್ಟ ಕೇಳುತ್ತದೆ. ಎಷ್ಟೋ ಸಲ ಒಂದು ವೈರ್ ಜೋತುಬಿದ್ದು ರೆಕ್ಕೆಗೆ ತಾಗುತ್ತಿರುತ್ತದೆ, ಅದನ್ನೂ ನೋಡಿಬಿಡಿ.

ಹೊಲಿಗೆ ಯಂತ್ರದ ಎಣ್ಣೆ ಬಿಡಬಹುದು. ಫ್ಯಾನಿನ ನಡುವಿನ ಸ್ಟಿಕರ್ ಮೆಲ್ಲಗೆ ಎಬ್ಬಿಸಿದರೆ ಕೆಲವದರಲ್ಲಿ ಅಚ್ಚಿನ ತೂತು ಕಾಣುತ್ತದೆ, ಒಂದೇ ಹನಿ. ಆದರೆ ಇದು ಕೆಲವು ವಾರ, ತಿಂಗಳ ಮಾತು. ಸವೆದ ಬೇರಿಂಗ್ ಎಣ್ಣೆಯಿಂದ ತುಂಬಿಕೊಳ್ಳುವುದಿಲ್ಲ. ಹೊಸ ಫ್ಯಾನ್ ತರುವಾಗ ಅದೇ ಅಳತೆ, ಅಷ್ಟೇ ಪಿನ್ ನೋಡಿ, ಡಬ್ಬದ ಮೇಲೆ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಅಂತ ಇದ್ದರೆ ಒಳ್ಳೆಯದು.

ಸದ್ದು ಪವರ್ ಸಪ್ಲೈ ಡಬ್ಬದ ಒಳಗಿನಿಂದ ಬರುತ್ತಿದ್ದರೆ ದಯವಿಟ್ಟು ಅದನ್ನು ನೀವು ಬಿಚ್ಚಬೇಡಿ. ನಮ್ಮ ಮನೆಗಳ 230 ವೋಲ್ಟ್ ಅಲ್ಲಿ ಕೆಪಾಸಿಟರ್‌ಗಳಲ್ಲಿ 325 ವೋಲ್ಟಿನ ಆಸುಪಾಸು ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅದನ್ನು ತಿಳಿದವರಿಗೇ ಕೊಡಿ, ಇಲ್ಲವಾದರೆ ಇಡೀ ಡಬ್ಬವನ್ನೇ ಬದಲಾಯಿಸಿ.

ನಿಮ್ಮ ಕಡಲ ಕಡೆ ಗಾಳಿಯಲ್ಲಿ ತೇವ ಜಾಸ್ತಿ. ಧೂಳು ಪುಡಿಯಾಗಿರದೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಅಂಟಿಕೊಂಡಿರುತ್ತದೆ, ಅಡುಗೆಮನೆ ಹತ್ತಿರವಿದ್ದರೆ ಕೇಳುವುದೇ ಬೇಡ. ಊದುವುದರಿಂದ ಅದು ಹೋಗುವುದಿಲ್ಲ, ಒದ್ದೆಯಿಲ್ಲದ ಪೇಂಟ್ ಬ್ರಷ್‌ನಿಂದ ಕೆದಕಿ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಇದ್ದ ಬೇರಿಂಗೂ ಹಾಳಾಗುತ್ತದೆ.

ಪ್ರಶ್ನೆ: ಫ್ಯಾನ್ ಎಲ್ಲ ನಿಧಾನ ಮಾಡಿದ ಮೇಲೂ ಮೇಜಿನಿಂದಲೇ ಗುಂಯ್ ಅನ್ನುವ ಸಣ್ಣ ನಾದ ಬರುತ್ತದೆ. ಮೇಜಿನ ಮೇಲೆ ಕೈ ಇಟ್ಟರೆ ನಡುಗುವುದು ತಿಳಿಯುತ್ತದೆ. (ಮೈಸೂರಿನ ಓದುಗರು)

ಹಳೆಯ ಹಾರ್ಡ್‌ಡಿಸ್ಕ್ ಇದೆ ಅಲ್ವಾ ಒಳಗೆ? ಅದು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಆ ನಡುಕ ಕ್ಯಾಬಿನೆಟ್ಟಿಗೆ, ಅಲ್ಲಿಂದ ಮೇಜಿಗೆ ಇಳಿದು, ಮೇಜಿನ ಹಲಗೆಯೇ ತಮಟೆಯ ಹಾಗೆ ನುಡಿಯುತ್ತಿದೆ. ಸೈಕಲ್ ಅಂಗಡಿಯಿಂದ ಹಳೆ ಟ್ಯೂಬ್ ಒಂದು ತುಂಡು ತನ್ನಿ. ಅದರಲ್ಲಿ ಚಿಕ್ಕ ಚಿಕ್ಕ ಬಿಲ್ಲೆ ಕತ್ತರಿಸಿ ಹಾರ್ಡ್‌ಡಿಸ್ಕಿನ ಸ್ಕ್ರೂಗಳಿಗೂ ಲೋಹಕ್ಕೂ ನಡುವೆ ಹಾಕಿ, ಸ್ಕ್ರೂ ಜೀವ ಹೋಗುವಷ್ಟು ಬಿಗಿಯಬೇಡಿ. ಇನ್ನೆರಡು ಪಟ್ಟಿಯನ್ನು ನಾಲ್ಕು ಮಡಿಕೆ ಮಡಿಸಿ ಕ್ಯಾಬಿನೆಟ್ಟಿನ ಕಾಲುಗಳ ಅಡಿ ಇಡಿ. ಇಟ್ಟು ಮತ್ತೆ ಮೇಜಿನ ಮೇಲೆ ಅಂಗೈ ಊರಿ ನೋಡಿ. ನಡುಕ ನಿಂತಿದ್ದರೆ ನಾದವೂ ನಿಂತಿರುತ್ತದೆ.